ಎರಿ ನೆಲದ ಮ್ಯಾಲೆ ಪತ್ರಾಸ್ ಶೆಡ್: ಕಾಂಕ್ರೀಟ್ ಬೆಡ್ ಸೀಳದಂಗ ಹಾಕೋದು ಹೆಂಗ?

ಇಂಡಿ/ಸಿಂದಗಿ/ಮುದ್ದೇಬಿಹಾಳ/ಬಸವನ ಬಾಗೇವಾಡಿ: ಹಿತ್ತಲದಾಗ ಒಂದು ಪತ್ರಾಸ್ ಶೆಡ್ ಇದ್ದರೆ ಎಷ್ಟೋ ಕೆಲಸಕ್ಕೆ ಆಗುತ್ತದೆ. ತೊಗರಿ ಚೀಲ, ಗೊಬ್ಬರ, ಔಷಧ ಹೊಡೆಯುವ ಪಂಪು, ಡ್ರಿಪ್ ಪೈಪು, ಕುಂಟಿ-ಕೂರಿಗಿ ಎಲ್ಲ ಅದರೊಳಗೇ. ಅಂಗಡಿಯವರಿಗೆ ಅದೇ ಸಣ್ಣ ಗೋದಾಮು. ಆದರೆ ಶೆಡ್ ಹಾಕಿಸಿ ಎರಡು ಮಳೆಗಾಲ ಕಳೆಯುವುದರೊಳಗೆ ನೆಲ ನಡುವೆ ಸೀಳುತ್ತದೆ, ಒಂದು ಮೂಲೆ ಮೇಲೆ ಎದ್ದು ಬಾಗಿಲು ಹತ್ತುವುದಿಲ್ಲ, ಸೀಳಿನಿಂದ ತಂಪು ಏರಿ ಕೆಳಗಿನ ಸಾಲಿನ ಚೀಲ ಬೂಸರು ಹಿಡಿಯುತ್ತದೆ. ಹೆಗ್ಗಣಕ್ಕೂ ಅದೇ ದಾರಿ. ಆಗ ಬೈಗುಳ ಬೀಳುವುದು ಗೌಂಡಿಗೆ, ಇಲ್ಲಾ ಸಿಮೆಂಟ್ ಕಂಪನಿಗೆ. ಬಹಳ ಸಲ ತಪ್ಪು ಇಬ್ಬರದೂ ಅಲ್ಲ, ಕೆಳಗಿನ ಮಣ್ಣಿನದು.

ನಾಲ್ಕೂ ತಾಲ್ಲೂಕಿನ ಬಹುಪಾಲು ನೆಲ ಕರಿ ಎರಿ. ಬೇರೆ ಊರಿನ ವಿಡಿಯೋ ನೋಡಿ ನಾಲ್ಕು ಇಂಚು ಕಾಂಕ್ರೀಟ್ ಸುರಿದರೆ ಇಲ್ಲಿ ನಿಲ್ಲುವುದಿಲ್ಲ. 10 ಅಡಿ ಅಗಲ, 12 ಅಡಿ ಉದ್ದದ ಶೆಡ್ ಒಂದನ್ನು ಲೆಕ್ಕಕ್ಕೆ ಹಿಡಿದು, ಅಗೆಯುವುದರಿಂದ ಹಿಡಿದು ನೀರು ಉಣಿಸುವವರೆಗೆ ಏನೇನು ಮಾಡಬೇಕು ಎಂಬ ಮಾಹಿತಿ ಇಲ್ಲಿದೆ.

ಎರಿ ಮಣ್ಣಿನ ಗುಣ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಜಿಲ್ಲೆಯವರಿಗೆ ಹೊಸದಲ್ಲ. ಜೋಳಕ್ಕೆ ಬಂಗಾರವಾದ ಇದೇ ಎರಿ ಕಟ್ಟಡಕ್ಕೆ ಶತ್ರು. ಕಾರಣ ಒಂದೇ, ಈ ಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಕಣ ಹೆಚ್ಚು. ಆ ಕಣಗಳು ಪುಸ್ತಕದ ಹಾಳೆಯಂತೆ ಪದರ ಪದರವಾಗಿದ್ದು, ನೀರು ಹಾಳೆಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ. ಬ್ಯಾಸಗಿಯಲ್ಲಿ ಹೊಲದಲ್ಲಿ ಕಾಲು ಹೋಗುವಷ್ಟು ಸೀಳು ಬಿಡುವುದು ಇದರಿಂದಲೇ. ಆಳವಾದ ಎರಿಯಲ್ಲಿ ಮಳೆ-ಬಿಸಿಲಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಪದರ ಸುಮಾರು 3.5 ಮೀಟರ್‌ವರೆಗೆ ಇರುತ್ತದೆ.

ಶೆಡ್ಡಿನ ನೆಲ ಸೀಳುವುದು ಹೀಗೆ: ಬೆಡ್ ಅಂಚಿನ ಸುತ್ತ ಮಳೆ ನೀರು ಇಳಿದು ಅಂಚಿನ ಮಣ್ಣು ಹಿಗ್ಗುತ್ತದೆ. ಬೆಡ್‌ನ ನಡುವಿನ ಕೆಳಗೆ ಮಣ್ಣು ಒಣಗೇ ಇರುತ್ತದೆ. ಅಂಚು ಮೇಲೆ, ನಡು ಕೆಳಗೆ. ಬ್ಯಾಸಗಿಯಲ್ಲಿ ಇದು ಉಲ್ಟಾ. ಕಾಂಕ್ರೀಟ್ ಭಾರ ಹೊರುತ್ತದೆ, ಆದರೆ ಬಾಗಿಸಿದರೆ ತಡೆಯುವುದಿಲ್ಲ. ನಾಲ್ಕು ಇಂಚಿನ ಹಾಸು ಒಂದೆರಡು ವರ್ಷ ಹೀಗೆ ಬಾಗಿ ಬಾಗಿ ಕೊನೆಗೆ ಸೀಳುತ್ತದೆ. ಮ್ಯಾಲೆ ಎಷ್ಟೇ ಸಿಮೆಂಟ್ ಮೆತ್ತಿದರೂ ಅದು ನಿಲ್ಲುವುದಿಲ್ಲ.

ಕಾಲುವೆಗಳಲ್ಲೂ ಇದೇ ತೊಂದರೆ ಇತ್ತು. ಎರಿ ನೆಲದಲ್ಲಿ ಹಾಕಿದ ಕಾಲುವೆ ಲೈನಿಂಗ್ ಒಡೆಯುತ್ತಿದ್ದಾಗ, ಮುಂಬೈ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಎರಿಯ ಮೇಲೆ ಹಿಗ್ಗದ, ಆದರೆ ಅಂಟು ಇರುವ ಮಣ್ಣಿನ ದಪ್ಪ ಪದರ ಹಾಕುವ ವಿಧಾನವನ್ನು ರೂಪಿಸಿದರು. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಅದು ಬಳಕೆಗೆ ಬಂತು. ಎರಿ ನೆಲದ ಕಾಲುವೆ ಲೈನಿಂಗ್‌ಗೆ ಇರುವ ಭಾರತೀಯ ಮಾನಕ ಐಎಸ್ 9451 ಇದೇ ಪದರವನ್ನು ಹೇಳುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಒಳ್ಳೆ ಗರಸು. ಶೆಡ್ಡಿಗೂ ಇದೇ ಮದ್ದು.

ನಿಮ್ಮ ಜಾಗದ ಮಣ್ಣು ಯಾವುದು?

ನಾಲ್ಕೂ ತಾಲ್ಲೂಕಿನ ನೆಲ ಒಂದೇ ಸಮ ಇಲ್ಲ. ಇಂಡಿ, ಸಿಂದಗಿ ಕಡೆ ಕರಿಕಲ್ಲಿನ ಮೇಲೆ ಕೂತ ಎರಿ ಹೆಚ್ಚು. ದಿಬ್ಬದ ಮೇಲೆ ಒಂದೆರಡು ಅಡಿಗೇ ಗರಸು ಹತ್ತುತ್ತದೆ, ತಗ್ಗಿನಲ್ಲಿ ಹತ್ತಡಿ ಅಗೆದರೂ ಎರಿಯೇ. ಬಸವನ ಬಾಗೇವಾಡಿ ಮತ್ತು ತಾಳಿಕೋಟಿ ಕಡೆಯ ಡೋಣಿ ದಂಡೆಯಲ್ಲಿ ಎರಿ ಬಹಳ ಆಳ. ಮುದ್ದೇಬಿಹಾಳ ಸೀಮೆಯಲ್ಲಿ ಎರಿ, ಮಸಾರಿ, ಕಲ್ಲುಮಡ್ಡಿ ಮೂರೂ ಸಿಗುತ್ತವೆ. ಹೀಗಾಗಿ ಪಕ್ಕದ ಮನೆಯವರ ಬೆಡ್ ನಿಂತಿದೆ ಅಂತ ನಮ್ಮದೂ ನಿಲ್ಲುತ್ತದೆ ಅನ್ನುವಂತಿಲ್ಲ. ಮೊದಲು ಶೆಡ್ ಜಾಗದಲ್ಲಿ ಮೂರಡಿ ಗುಂಡಿ ತೋಡಿ ನೋಡಬೇಕು. ಎರಡಡಿಯೊಳಗೆ ಗಟ್ಟಿ ಗರಸು ಹತ್ತಿದರೆ ಅರ್ಧ ಕೆಲಸ ಉಳಿಯಿತು.

ಹಿಗ್ಗುವ ಮಣ್ಣೋ ಅಲ್ಲವೋ ಎಂದು ಮನೆಯಲ್ಲೇ ತಿಳಿಯಬಹುದು. ಮಣ್ಣನ್ನು ಒಣಗಿಸಿ, ಕುಟ್ಟಿ, ಹಿಟ್ಟಿನ ಸಣ್ಣ ಜರಡಿಯಲ್ಲಿ ಸೋಸಬೇಕು. ಒಂದೇ ಅಳತೆಯ ಎರಡು ಕಿರಿದಾದ ಗಾಜಿನ ಬಾಟಲಿಗೆ ಸಮ ಸಮ ಪುಡಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ಅದರಲ್ಲಿ 2 ಸೆಂಟಿಮೀಟರ್ ಕೂತ ಮಣ್ಣು ನೀರಿನ ಬಾಟಲಿಯಲ್ಲಿ 3 ಸೆಂಟಿಮೀಟರ್ ಆದರೆ ಹಿಗ್ಗು ಶೇ 50, 4 ಆದರೆ ಶೇ 100. ಶೇ 50ರ ಒಳಗಿದ್ದರೆ ತೊಂದರೆ ಕಡಿಮೆ, 50ರಿಂದ 100 ಮಧ್ಯಮ, 100 ದಾಟಿದರೆ ಹೆಚ್ಚು. ಪ್ರಯೋಗಾಲಯದಲ್ಲಿ 10 ಗ್ರಾಂ ಮಣ್ಣು ಹಾಕಿ ಅಳತೆ ಗಾಜಿನಲ್ಲಿ ಮಾಡುವುದೂ ಇದೇ ಪರೀಕ್ಷೆ.

ಜಾಗ ಮತ್ತು ಕಾಲ

ಬೆಡ್ ಹಾಕಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಮಳೆ ಮುಗಿದಿರುತ್ತದೆ, ಮಣ್ಣು ಪೂರ್ತಿ ಹಸಿಯೂ ಅಲ್ಲ, ಪೂರ್ತಿ ಒಣಗಿಯೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸೀಳು ಬಿಟ್ಟ ನೆಲದ ಮೇಲೆ ಹಾಕಿದರೆ ಜೂನ್ ಮಳೆಗೆ ಅದು ಎದ್ದು ಬರುತ್ತದೆ. ಅನಿವಾರ್ಯ ಇದ್ದರೆ ಗುಂಡಿ ತೋಡಿದ ಮೇಲೆ ಎರಡು ಮೂರು ದಿನ ತಳಕ್ಕೆ ನೀರು ಚಿಮುಕಿಸಿ, ಸೀಳು ಮುಚ್ಚಿದ ಮೇಲೆ ಗರಸು ತುಂಬಬೇಕು. ಕೆಸರಾಗುವಷ್ಟು ನೀರು ಬೇಡ.

ಜಾಗ ಆರಿಸುವಾಗ ಮೂರು ವಿಷಯ ನೋಡಬೇಕು. ಒಂದು, ಬಚ್ಚಲ ನೀರು, ಬೋರ್‌ವೆಲ್ ತೊಟ್ಟಿ, ಡ್ರಿಪ್ ವಾಲ್ವ್ ಪಕ್ಕ ಶೆಡ್ ಬೇಡ. ನಿಂಬೆ ತೋಟದವರು ಇದನ್ನು ಮುಖ್ಯವಾಗಿ ಗಮನಿಸಬೇಕು, ವಾಲ್ವ್ ಒಂದು ಸೋರುತ್ತಿದ್ದರೆ ಸಾಕು, ಬೆಡ್‌ನ ಒಂದೇ ಮೂಲೆ ಎದ್ದೇಳುತ್ತದೆ. ಎರಡು, ಬೇವು, ಹುಣಸಿಯಂಥ ದೊಡ್ಡ ಗಿಡದಿಂದ ಆದಷ್ಟು ದೂರ ಇರಬೇಕು. ಬೇರು ನೆಲದ ತೇವ ಹೀರಿ ಆ ಕಡೆ ಮಣ್ಣು ಕುಗ್ಗಿಸುತ್ತದೆ. ಗಿಡ ಎಷ್ಟು ಎತ್ತರವೋ ಅಷ್ಟು ದೂರ ಬಿಟ್ಟರೆ ಒಳ್ಳೆಯದು. ಮೂರು, ತಗ್ಗಿನ ಜಾಗ ಬೇಡ. ಕಾಲುವೆ ನೀರು ಬಂದ ಊರುಗಳಲ್ಲಿ ಹೊಲದ ತೇವ ಬ್ಯಾಸಗಿಯಲ್ಲೂ ಆರುವುದಿಲ್ಲ. ಅಲ್ಲಿ ನೆಲ ಎತ್ತರಿಸದೆ ಶೆಡ್ ಹಾಕಿದರೆ ನೆಲ ಸದಾ ತಂಪಾಗಿಯೇ ಇರುತ್ತದೆ.

ಅಗೆತ ಮತ್ತು ಗರಸು: ಇಲ್ಲಿಯೇ ಕೆಲಸದ ಜೀವ

ಮೂಲೆಮಟ್ಟ ಹಿಡಿದು ದಾರ ಕಟ್ಟಿ ಗುರುತು ಹಾಕಬೇಕು. ಮೂಲೆ ಸರಿ ಇದೆಯೋ ಇಲ್ಲವೋ ಎಂದು ನೋಡಲು 3-4-5 ಲೆಕ್ಕ ಸಾಕು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿದರೆ ಅವೆರಡರ ನಡುವೆ ಸರಿಯಾಗಿ 5 ಅಡಿ ಬರಬೇಕು.

ಶೆಡ್ 10×12 ಅಡಿ ಇದ್ದರೆ ಗುಂಡಿ ನಾಲ್ಕೂ ಕಡೆ ಎರಡೆರಡು ಅಡಿ ಹೆಚ್ಚು, ಅಂದರೆ 14×16 ಅಡಿ ಇರಬೇಕು. ಆಳ 2 ಅಡಿ. ಗುಂಡಿಯ ತಳ ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಲಿ. ತೆಗೆದ ಎರಿ ಹೊಲಕ್ಕೆ ಹೋಗಲಿ, ಒಂದು ಬುಟ್ಟಿಯೂ ವಾಪಸ್ ಗುಂಡಿಗೆ ಬೀಳಬಾರದು.

ಗರಸನ್ನು ಒಮ್ಮೆಗೇ ಟ್ರಾಲಿಯಿಂದ ಸುರಿದು ಮೇಲೆ ಎರಡು ಸಲ ಟ್ರ್ಯಾಕ್ಟರ್ ಓಡಿಸಿದರೆ ಆಗುವುದಿಲ್ಲ. 6 ಇಂಚಿನ ಪದರ ಹಾಕು, ನೀರು ಚಿಮುಕಿಸು, ದಮ್ಮಸು ಹೊಡಿ, ಮತ್ತೆ 6 ಇಂಚು. ಹೀಗೆ ಐದು ಪದರ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಹತ್ತಬಾರದು, ಅಷ್ಟು ತೇವ ಸಾಕು. ಹಿಮ್ಮಡಿ ಊರಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ಎರಡಡಿ ಗುಂಡಿ ತುಂಬಿ, ನೆಲಮಟ್ಟಕ್ಕಿಂತ ಇನ್ನೂ 6 ಇಂಚು ಮೇಲೆ ಬರಬೇಕು. ಒಟ್ಟು ಗರಸು ಎರಡೂವರೆ ಅಡಿ.

ಒಂದು ಎಚ್ಚರಿಕೆ. ಗರಸಿನ ಬದಲು ಬರೀ ಉಸುಕು ಇಲ್ಲವೇ ಬರೀ ಖಡಿ ತುಂಬಿದರೆ ಬಿಗಿಯಾಗಿ ಕೂರುತ್ತದೆ ಅಂತ ಕೆಲವರು ಮಾಡುತ್ತಾರೆ. ಎರಿ ನೆಲದಲ್ಲಿ ಇದು ತಪ್ಪು. ಸುತ್ತ ಎರಿ, ನಡುವೆ ಉಸುಕು ಇದ್ದರೆ ಆ ಗುಂಡಿ ಸಣ್ಣ ಬಾವಿ ಇದ್ದಂಗ. ಮಳೆ ನೀರೆಲ್ಲ ಅಲ್ಲಿಗೇ ಬಂದು ನಿಂತು ತಳದ ಎರಿಯನ್ನು ಹಿಗ್ಗಿಸುತ್ತದೆ. ಹರಳಿನ ಜೊತೆ ಸ್ವಲ್ಪ ಅಂಟು ಮಣ್ಣೂ ಇರುವ ಗರಸೇ ಬೇಕು. ಮೇಲೆ ಹೇಳಿದ ಬಾಟಲಿ ಪರೀಕ್ಷೆಯನ್ನು ಗರಸಿನ ಪುಡಿಗೂ ಮಾಡಿದರೆ ಚಲೋ. ಅದೇ ಹಿಗ್ಗಿದರೆ ಆ ಗರಸು ಬೇಡ.

ಗರಸು ಸಿಗದ ಕಡೆ ಇನ್ನೊಂದು ದಾರಿ ಇದೆ. ತೆಗೆದ ಎರಿಯನ್ನೇ ಪುಡಿ ಮಾಡಿ, ಒಣ ಮಣ್ಣಿನ ತೂಕದ ಶೇ 4ರಿಂದ 6ರಷ್ಟು ಸುಟ್ಟು ಅರಳಿಸಿದ ಸುಣ್ಣದ ಪುಡಿ ಬೆರೆಸಿ, ನೀರು ಹಾಕಿ ದಮ್ಮಸು ಹೊಡೆಯಬಹುದು. ಸುಣ್ಣ ಸೇರಿದ ಎರಿ ಹಿಗ್ಗುವುದು ಬಹಳ ಕಡಿಮೆಯಾಗುತ್ತದೆ. ಆದರೆ ಬೆರಕೆ ಸಮ ಆಗುವುದು ಕಷ್ಟದ ಕೆಲಸ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಗರಸು ಸಿಕ್ಕರೆ ಗರಸೇ ಸರಿ.

ಗಾಳಿಗೆ ಹಾರದಂಗ ಕಂಬ

ಮುಂಗಾರು ಪೂರ್ವದ ಗಾಳಿ-ಮಳೆಗೆ ಪತ್ರಾಸ್ ಹಾರಿದ ಸುದ್ದಿ ಪ್ರತಿ ವರ್ಷದ್ದು. ಹಾರಬಾರದು ಅಂತ ಪತ್ರಾಸ್ ಮೇಲೆ ಕಲ್ಲು ಹೇರುವುದು ರೂಢಿ. ಅದೇ ಕಲ್ಲು ಗಾಳಿಗೆ ಉರುಳಿ ಕೆಳಗೆ ಮಲಗಿದವರ ಮೇಲೆ ಬಿದ್ದು ಜೀವ ಹೋದದ್ದೂ ಉಂಟು. ಶೆಡ್ಡನ್ನು ಹಿಡಿಯಬೇಕಾದದ್ದು ಮೇಲಿನ ಕಲ್ಲಲ್ಲ, ಕೆಳಗಿನ ಕಾಂಕ್ರೀಟ್.

ಅರ್ಧ ಎಂಎಂ ದಪ್ಪದ ಪತ್ರಾಸ್ ಹೊದಿಸಿದರೆ ಈ ಅಳತೆಯ ಶೆಡ್ಡಿನ ಮೇಲ್ಛಾವಣಿ ಹಾಳೆಗಳ ತೂಕ ಒಂದು ಕ್ವಿಂಟಲ್ಲೂ ಆಗುವುದಿಲ್ಲ. ಗಾಳಿ ಒಳಗೆ ಹೊಕ್ಕು ಎತ್ತಿದರೆ ತಡೆಯಲು ತೂಕ ಎಲ್ಲಿಂದ ಬರಬೇಕು? ನಾಲ್ಕು ಮೂಲೆಗೆ ನಾಲ್ಕು, ಉದ್ದದ ಎರಡು ಬದಿಯ ನಡುವೆ ಒಂದೊಂದು, ಹೀಗೆ ಆರು ಕಂಬಕ್ಕೆ ಆರು ಗುಂಡಿ ತೋಡಬೇಕು. ಗರಸು ತುಂಬಿದ ಮೇಲೆ ಅದರೊಳಗೇ ಒಂದೂವರೆ ಅಡಿ ಚೌಕ, ಎರಡಡಿ ಆಳ. ಒಂದು ಗುಂಡಿಯ ಕಾಂಕ್ರೀಟ್ ಸುಮಾರು 3 ಕ್ವಿಂಟಲ್ ತೂಗುತ್ತದೆ. ಆರು ಸೇರಿದರೆ 18 ಕ್ವಿಂಟಲ್. ಬೆಡ್ ಅದಕ್ಕೆ ಜೋಡಿಕೊಂಡರೆ ಇನ್ನೂ 36 ಕ್ವಿಂಟಲ್.

ಕಂಬವನ್ನು ನೇರ ಕಾಂಕ್ರೀಟ್‌ನಲ್ಲಿ ಹೂತರೆ ನೆಲಮಟ್ಟದಲ್ಲಿ ತುಕ್ಕು ಹಿಡಿದು ಕೆಲವೇ ವರ್ಷದಲ್ಲಿ ಕತ್ತರಿಸುತ್ತದೆ. ಬದಲಿಗೆ 12 ಎಂಎಂ ದಪ್ಪ, ಒಂದಡಿ ಉದ್ದದ, ತುದಿ ಬಾಗಿಸಿದ ನಾಲ್ಕು ಬೋಲ್ಟ್‌ಗಳನ್ನು ಪ್ರತಿ ಗುಂಡಿಯಲ್ಲಿ ನಿಲ್ಲಿಸಿ, ಮೇಲೆ ಪ್ಲೇಟ್ ಬೆಸೆದ ಕಂಬ ಕೂರಿಸಿ ನಟ್ ಬಿಗಿಯುವುದು ಸರಿ. ಬೋಲ್ಟ್ ಅಳತೆ ತಪ್ಪದಂತೆ ಮೊದಲೇ ಕಟ್ಟಿಗೆ ಹಲಗೆಗೆ ನಾಲ್ಕು ತೂತು ಕೊರೆದು ಅದರಲ್ಲಿ ಬೋಲ್ಟ್ ಹಿಡಿಸಿ ಕಾಂಕ್ರೀಟ್ ಹಾಕಬೇಕು. ವೆಲ್ಡಿಂಗ್‌ನವರನ್ನೂ ಗೌಂಡಿಯನ್ನೂ ಒಂದೇ ದಿನ ಕರೆಸಿ ಅಳತೆ ಮಾತಾಡಿಸಿದರೆ ಆಮೇಲಿನ ಜಗಳ ತಪ್ಪುತ್ತದೆ.

ಪ್ಲಾಸ್ಟಿಕ್ ಶೀಟ್ ಮತ್ತು ಸರಳು

ಗರಸಿನ ಅಂಚಿನಲ್ಲಿ, ಬೆಡ್‌ನ ನಾಲ್ಕೂ ಸುತ್ತ ಒಂದಡಿ ಅಗಲ 4 ಇಂಚು ಆಳ ಹೆಚ್ಚಿಗೆ ತೆಗೆಯಬೇಕು. ಹೀಗೆ ನಡುವೆ 4 ಇಂಚು, ಅಂಚಿನಲ್ಲಿ 8 ಇಂಚು ದಪ್ಪದ ಬೆಡ್ ಆಗುತ್ತದೆ. ಅಂಚು ಗಟ್ಟಿ ಇದ್ದರೆ ಹಾಸು ಸುಲಭಕ್ಕೆ ಬಾಗುವುದಿಲ್ಲ.

ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್, 200 ಮೈಕ್ರಾನ್‌ಗಿಂತ ತೆಳು ಬೇಡ. ಜೋಡಿಸುವ ಕಡೆ ಒಂದಡಿ ಒಂದರ ಮೇಲೊಂದು ಬರಬೇಕು. ಕೆಳಗಿನ ತಂಪು ಮೇಲೆ ಬರದಂತೆ ತಡೆಯುವುದು ಇದೇ. ಚೀಲ ಇಡುವವರು ಇದನ್ನು ಬಿಡಲೇಬಾರದು. ಕಂಬದ ಗುಂಡಿ ಇರುವ ಕಡೆ ಮಾತ್ರ ಶೀಟ್ ಕತ್ತರಿಸಬೇಕು.

ಸರಳು 8 ಎಂಎಂ, ಉದ್ದಕ್ಕೂ ಅಡ್ಡಕ್ಕೂ 8 ಇಂಚಿಗೊಂದು. ಅಂಚಿನ ಕೆಳಭಾಗದಲ್ಲಿ ಸುತ್ತ ಎರಡು 10 ಎಂಎಂ ಸರಳು. ಎಲ್ಲ ಸೇರಿ ಸುಮಾರು 65 ಕಿಲೋ. ಜಾಳಿಗೆ ಕಟ್ಟಿ ನೆಲದ ಮೇಲೆ ಮಲಗಿಸಿ, ಕಾಂಕ್ರೀಟ್ ಹಾಕುವಾಗ ಕೊಕ್ಕೆಯಿಂದ ಎಳೆದರಾಯ್ತು ಅನ್ನುವ ಪದ್ಧತಿ ಇದೆ. ಎಳೆದದ್ದು ಮತ್ತೆ ತುಳಿತಕ್ಕೆ ಕೆಳಗೇ ಇಳಿಯುತ್ತದೆ, ಸರಳು ಇದ್ದೂ ಇಲ್ಲದಂಗ. ಕೆಳಗೆ ಕವರ್ ಬ್ಲಾಕ್ ಇಟ್ಟು ಜಾಳಿಗೆಯನ್ನು ಹಾಸಿನ ನಡುಭಾಗಕ್ಕಿಂತ ತುಸು ಮೇಲೆ ನಿಲ್ಲಿಸಬೇಕು.

ಮಾಲಿನ ಲೆಕ್ಕ

ದರ ದಿನಕ್ಕೊಂದು, ಊರಿಗೊಂದು. ಹೀಗಾಗಿ ಇಲ್ಲಿ ಮಾಲಿನ ಲೆಕ್ಕ ಮಾತ್ರ ಕೊಟ್ಟಿದೆ. ಅಂಗಡಿಯ ಅಂದಿನ ದರದಿಂದ ಗುಣಿಸಿಕೊಂಡರೆ ಖರ್ಚು ಸಿಗುತ್ತದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ.

ಗರಸು: ದಮ್ಮಸು ಹೊಡೆದ ಮೇಲೆ 560 ಘನ ಅಡಿ. ಸಡಿಲ ಗರಸು ಸುಮಾರು 7 ಬ್ರಾಸ್ ಬೇಕು.
ಬೆಡ್ ಮತ್ತು ಆರು ಕಂಬದ ಗುಂಡಿ (1:1.5:3 ಮಿಶ್ರಣ, ಸುಮಾರು 80 ಘನ ಅಡಿ ಕಾಂಕ್ರೀಟ್): ಸಿಮೆಂಟ್ 19 ಚೀಲ, ಉಸುಕು 35 ಘನ ಅಡಿ, 20 ಎಂಎಂ ಖಡಿ 70 ಘನ ಅಡಿ.
ಸುತ್ತಲಿನ ಎರಡಡಿ ಅಂಚುಗಟ್ಟು (1:2:4 ಮಿಶ್ರಣ, 3 ಇಂಚು ದಪ್ಪ): ಸಿಮೆಂಟ್ 5 ಚೀಲ, ಉಸುಕು 12 ಘನ ಅಡಿ, ಖಡಿ 23 ಘನ ಅಡಿ.
ಒಟ್ಟು: ಸಿಮೆಂಟ್ 24 ಚೀಲ, ಉಸುಕು ಅರ್ಧ ಬ್ರಾಸ್, ಖಡಿ ಒಂದು ಬ್ರಾಸ್, ಸರಳು 65 ಕಿಲೋ, ಬೋಲ್ಟ್ 24.

ಚೀಲದ ಮೇಲೆ ಐಎಸ್‌ಐ ಗುರುತು ಮತ್ತು ತಯಾರಾದ ವಾರ, ವರ್ಷ ನೋಡಬೇಕು. ಮೂರು ತಿಂಗಳು ದಾಟಿದ ಚೀಲ, ಒಳಗೆ ಗಂಟು ಕಟ್ಟಿದ ಚೀಲ ಬೇಡ. ಇಂಥ ಕೆಲಸಕ್ಕೆ ಪಿಪಿಸಿ ಸಿಮೆಂಟ್ ನಡೆಯುತ್ತದೆ. ಹಾರುಬೂದಿ ಬೆರೆತ ಸಿಮೆಂಟ್ ಅದು, ಕೂಡಗಿಯ ಎನ್‌ಟಿಪಿಸಿಯಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಉಳಿಯುವ ಬೂದಿಯದು. ಇದು ಗಟ್ಟಿಯಾಗುವುದು ತುಸು ನಿಧಾನ, ನೀರು ಹೆಚ್ಚು ದಿನ ಉಣಿಸಬೇಕು, ಅಷ್ಟೇ ವ್ಯತ್ಯಾಸ.

ಉಸುಕಿನಲ್ಲಿ ಮಣ್ಣಿದೆಯೋ ನೋಡಲು ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಮೇಲೆ ನೀರು ಹಾಕಿ ಜೋರಾಗಿ ಕುಲುಕಿ ಮೂರು ತಾಸು ಬಿಡಬೇಕು. ಮೇಲೆ ಕೂತ ಮಣ್ಣಿನ ಪದರ ಉಸುಕಿನ ಎತ್ತರದ ಶೇ 8 ದಾಟಿದರೆ ತೊಳೆಯಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಎಂ-ಸ್ಯಾಂಡ್ ಆದರೆ ಕಾಂಕ್ರೀಟ್‌ನದ್ದೇ ಕೇಳಿ ಪಡೆಯಬೇಕು, ಪ್ಲಾಸ್ಟರ್‌ನ ಸಣ್ಣ ಪುಡಿ ಬೇಡ. ಯಾವ ಉಸುಕೇ ಇರಲಿ ಬಿಲ್ ಮತ್ತು ಪರವಾನಗಿ ಚೀಟಿ ಇದ್ದ ಗಾಡಿಯಿಂದಲೇ ಹಾಕಿಸಿಕೊಂಡರೆ ಆಮೇಲೆ ತೊಂದರೆ ಇಲ್ಲ.

ನೀರಿನಲ್ಲೇ ಕೆಡುವುದು

"ಅಣ್ಣಾ, ಇನ್ನೆರಡು ಬಕೀಟ್ ಹಾಕ್ರಿ, ಸಲೀಸು ಹರೀತೈತಿ" ಅನ್ನುವ ಮಾತು ಎಲ್ಲ ಕೆಲಸದಲ್ಲೂ ಕೇಳುತ್ತದೆ. ಕಾಂಕ್ರೀಟ್ ಕೆಡುವುದು ಈ ಎರಡು ಬಕೀಟಿನಲ್ಲೇ. ಸಿಮೆಂಟ್‌ಗೆ ಬೇಕಾದದ್ದಕ್ಕಿಂತ ಹೆಚ್ಚಿನ ನೀರು ಒಣಗಿ ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಹಾಸು ಪುಡಿ ಏಳುತ್ತದೆ, ಸೀಳುತ್ತದೆ. 1:1.5:3 ಮಿಶ್ರಣಕ್ಕೆ 50 ಕಿಲೋ ಚೀಲಕ್ಕೆ 30 ಲೀಟರ್ ಮೀರಬಾರದು ಎಂದು ಐಎಸ್ 456 ಹೇಳುತ್ತದೆ. 25ರಿಂದ 28 ಲೀಟರ್‌ನಲ್ಲಿ ಮುಗಿದರೆ ಇನ್ನೂ ಚಲೋ. ಉಸುಕು ಹಸಿ ಇದ್ದರೆ ಮತ್ತೂ ಕಡಿಮೆ.

ಅಳತೆಗೆ ಬುಟ್ಟಿ ಲೆಕ್ಕ ನಂಬಬಾರದು, ಒಬ್ಬರ ಬುಟ್ಟಿ ತಲೆ ಕಟ್ಟಿರುತ್ತದೆ, ಇನ್ನೊಬ್ಬರದು ಅರ್ಧ. 35 ಲೀಟರ್‌ನ ಡಬ್ಬಿ ಒಂದು ಚೀಲ ಸಿಮೆಂಟಿಗೆ ಸಮ. ಒಳಗೆ 12 ಇಂಚು, 12 ಇಂಚು, 15 ಇಂಚು ಬರುವಂತೆ ಹಲಗೆಯಲ್ಲಿ ಮಾಡಿಸಿದರೂ ಆಯಿತು. ಒಂದು ಚೀಲಕ್ಕೆ ಒಂದೂವರೆ ಡಬ್ಬಿ ಉಸುಕು, ಮೂರು ಡಬ್ಬಿ ಖಡಿ. ಹಸಿ ಉಸುಕು ಉಬ್ಬಿರುತ್ತದೆ, ಅದಕ್ಕೆ ತುಸು ಹೆಚ್ಚಿಗೆ ಹಾಕಬೇಕು.

ನೀರು ಯಾವುದು ಎಂಬುದೂ ಮುಖ್ಯ. ಡೋಣಿ ಸೀಮೆಯಲ್ಲಿ ಸವುಳು ನೀರಿನ ಬಾವಿ, ಬೋರ್ ಬಹಳ. ಸರಳು ಹಾಕಿದ ಕಾಂಕ್ರೀಟ್‌ಗೆ ಉಪ್ಪು ನೀರು ಬಳಸಿದರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಒಳಗಿನಿಂದ ಒಡೆಯುತ್ತದೆ. ಬಾಯಿಗೆ ಉಪ್ಪು ಹತ್ತುವ ನೀರು ಬೇಡ. ಕಲಸಲಿಕ್ಕೂ ಉಣಿಸಲಿಕ್ಕೂ ಕುಡಿಯುವ ಯೋಗ್ಯ ನೀರಿನ ಟ್ಯಾಂಕರ್ ತರಿಸಿದರೆ ಆ ಖರ್ಚು ಹೋದದ್ದಲ್ಲ.

ಕಾಂಕ್ರೀಟ್ ಹಾಕುವ ದಿನ

ಮೊದಲು ಕಂಬದ ಗುಂಡಿ, ಬೆನ್ನಿಗೇ ಬೆಡ್. ನಡುವೆ ನಿಲ್ಲಿಸಿ ಊಟಕ್ಕೆ ಹೋಗಿ ಬಂದು ಮುಂದುವರಿಸಿದರೆ ಆ ಗೆರೆಯಲ್ಲೇ ಸೀಳು ಬರುತ್ತದೆ. ಕಲಸಿದ ಮಾಲು ಅರ್ಧ ತಾಸಿನೊಳಗೆ ಹಾಕಿ ಮುಗಿಯಬೇಕು. ಗಟ್ಟಿಯಾಗತೊಡಗಿದ ಮಾಲಿಗೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡುವುದು ಮಹಾ ತಪ್ಪು. ಮಿಕ್ಸರ್ ಬಾಡಿಗೆಗೆ ತಂದರೆ ಈ ಅಳತೆಯ ಕೆಲಸ ಅರ್ಧ ದಿನದ್ದು. ಬ್ಯಾಸಗಿಯಲ್ಲಿ ನಸುಕಿನಲ್ಲಿ ಶುರು ಮಾಡಿ ಬಿಸಿಲೇರುವ ಮುನ್ನ ಮುಗಿಸಬೇಕು. ಖಡಿ ಬಿಸಿಲಿಗೆ ಕಾದಿದ್ದರೆ ಹಿಂದಿನ ರಾತ್ರಿ ನೀರು ಹೊಡೆದು ತಣಿಸಬೇಕು.

ವೈಬ್ರೇಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಸರಳಿನಿಂದ ಚುಚ್ಚಿ, ಅಂಚಿನ ಹಲಗೆಗೆ ಸುತ್ತಿಗೆಯಿಂದ ತಟ್ಟಿ ಗಾಳಿ ಹೊರಗೆ ಬಿಡಿಸಬೇಕು. ಎರಡು ಬದಿಯ ಹಲಗೆ ಮೇಲೆ ಉದ್ದ ಪಟ್ಟಿ ಆಡಿಸಿ ಮಟ್ಟ ಮಾಡಬೇಕು. ನೆಲ ಬಾಗಿಲ ಕಡೆಗೆ ಪ್ರತಿ 10 ಅಡಿಗೆ ಒಂದು ಇಂಚು ಇಳಿದರೆ ತೊಳೆದ ನೀರು ಒಳಗೆ ನಿಲ್ಲುವುದಿಲ್ಲ. ಮೇಲೆ ಒಣ ಸಿಮೆಂಟ್ ಉದುರಿಸಿ ನುಣ್ಣಗೆ ತೀಡುವುದು ಬೇಡ. ಆ ತೆಳು ಸಿಪ್ಪೆ ವರ್ಷದೊಳಗೆ ಏಳುತ್ತದೆ. ನೀರು ಮೇಲೆ ಬಂದು ಆರಿದ ಮೇಲೆ ಕಟ್ಟಿಗೆಯಿಂದ ತೀಡಿ ತುಸು ಒರಟು ಬಿಟ್ಟರೆ ಕಾಲೂ ಜಾರುವುದಿಲ್ಲ.

ಶೆಡ್ 12 ಅಡಿಗಿಂತ ಉದ್ದ ಇದ್ದರೆ ಪ್ರತಿ 10-12 ಅಡಿಗೆ ಒಂದು ಅಡ್ಡ ಗೀರು ಬೇಕು. ಹಾಸಿನ ಕಾಲು ಭಾಗ, ಅಂದರೆ ಒಂದು ಇಂಚು ಆಳ. ಕಾಂಕ್ರೀಟ್ ಕುಗ್ಗುವಾಗ ಸೀಳು ಆ ಗೀರಿನಲ್ಲೇ ನೇರವಾಗಿ ಬರುತ್ತದೆ. 20×30ರ ಗೋದಾಮು ಹಾಕಿಸುವ ವ್ಯಾಪಾರಸ್ಥರು ಇದನ್ನು ಗುತ್ತಿಗೆ ಮಾತಿನಲ್ಲೇ ಸೇರಿಸಿಕೊಳ್ಳಬೇಕು.

ಕೆಲಸಗಾರರ ಕೈಕಾಲಿನ ಬಗ್ಗೆಯೂ ಒಂದು ಮಾತು. ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಬರಿಗಾಲಲ್ಲಿ ತುಳಿಸಬಾರದು. ಗಂಬೂಟು, ಕೈಗವಸು ಕೊಡಿಸುವ ಖರ್ಚು ದೊಡ್ಡದಲ್ಲ.

ನೀರು ಉಣಿಸುವುದು

ದುಡ್ಡು ಖರ್ಚು ಮಾಡಿದವರೇ ಬಿಡುವ ಕೆಲಸ ಇದು. ಮೊದಲ ದಿನ ಗೋಣಿ ತಟ್ಟು ಹೊದಿಸಿ ಹಸಿ ಇಡಬೇಕು. ಮರುದಿನ ಬೆಡ್ ಮೇಲೆ ಮಣ್ಣಿನ ಸಣ್ಣ ಒಡ್ಡು ಕಟ್ಟಿ, ಭತ್ತದ ಮಡಿಯಂತೆ ಒಂದೆರಡು ಇಂಚು ನೀರು ನಿಲ್ಲಿಸಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ. ನಮ್ಮ ಕಡೆಯ ಒಣ ಬಿಸಿಲಿಗೆ 10 ಮತ್ತು 14 ದಿನ. ದಿನಕ್ಕೆ ಎರಡು ಸಲ ಪೈಪ್ ಹಿಡಿದು ಹೊಡೆದು ಬಿಟ್ಟರೆ ನಡುವೆ ಒಣಗುತ್ತದೆ, ಅದು ಲೆಕ್ಕಕ್ಕಿಲ್ಲ.

7 ದಿನ ಆಗುವವರೆಗೆ ಕಂಬ ನಿಲ್ಲಿಸುವುದು ಬೇಡ. ಚೀಲ ಹೇರಲು, ಟ್ರ್ಯಾಕ್ಟರ್ ಒಳಗೆ ತರಲು 28 ದಿನ ಕಾಯುವುದು ಒಳ್ಳೆಯದು. ಕಾಂಕ್ರೀಟ್ ತನ್ನ ಪೂರ್ತಿ ಲೆಕ್ಕದ ಬಲಕ್ಕೆ ಬರುವುದು ಆಗಲೇ.

ಸುತ್ತಲ ಅಂಚುಗಟ್ಟು, ಮೇಲಿನ ನೀರು

ಗರಸಿನ ಮೇಲೆ ಬೆಡ್‌ನ ಸುತ್ತ ಉಳಿದ ಎರಡಡಿಗೆ 3 ಇಂಚು ಕಾಂಕ್ರೀಟ್ ಹಾಕಿ ಹೊರಗೆ ಇಳಿಜಾರು ಕೊಡಬೇಕು. ಖರ್ಚು ಉಳಿಸಬೇಕಂದರೆ ಇಲ್ಲಿ ತಾಳಿಕೋಟಿ ಸೀಮೆಯ ಇಲ್ಲವೇ ಶಹಾಬಾದ ಪರಸಿ ಹಾಸಿ, ಸಂದಿಗೆ ಸಿಮೆಂಟ್ ತುಂಬಿದರೂ ನಡೆಯುತ್ತದೆ. ಅಂಚಿನ ಮಣ್ಣಿಗೆ ನೀರು ಇಳಿಯಬಾರದು, ಅದೇ ಉದ್ದೇಶ. ಬೆಡ್ ಮತ್ತು ಅಂಚುಗಟ್ಟಿನ ನಡುವಿನ ಸಂದಿಗೆ ಡಾಂಬರು ತುಂಬಿದರೆ ಎರಡೂ ತಮ್ಮ ಪಾಡಿಗೆ ಅಲುಗಬಹುದು.

ಒಂದೇ ಮಳೆಗೆ 25 ಎಂಎಂ ಬಿದ್ದರೆ ಇಷ್ಟು ಸಣ್ಣ ಪತ್ರಾಸಿನಿಂದಲೇ 280 ಲೀಟರ್‌ಗೂ ಹೆಚ್ಚು ನೀರು ಕೆಳಗಿಳಿಯುತ್ತದೆ. ಅದು ಅಂಚಿಗೇ ಬಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ದೋಣಿ ಹಾಕಿ, ಪೈಪಿನಿಂದ ಐದಾರು ಅಡಿ ಆಚೆ ಬಿಡಬೇಕು, ಇಲ್ಲವೇ ತೊಟ್ಟಿಗೆ ತುಂಬಿಸಿಕೊಳ್ಳಬೇಕು.

ಹಳೇ ಬೆಡ್ ಸೀಳಿದ್ದರೆ

ತಕ್ಷಣ ಒಡೆಯುವುದು ಬೇಡ. ಸೀಳಿನ ಎರಡೂ ಕಡೆ ಪೆನ್ಸಿಲ್ ಗೆರೆ ಹಾಕಿ, ಅಳತೆ ಬರೆದು, ಒಂದು ಮಳೆಗಾಲ ಒಂದು ಬ್ಯಾಸಗಿ ನೋಡಬೇಕು. ಅಳತೆ ಬದಲಾಗದಿದ್ದರೆ ಸೀಳನ್ನು ಕೆತ್ತಿ ಸಿಮೆಂಟ್ ಗಾರೆ ತುಂಬಿದರೆ ಸಾಕು. ಬದಲಾಗುತ್ತಿದ್ದರೆ ಮೊದಲು ನೀರಿನ ಮೂಲ ಹುಡುಕಬೇಕು: ಸೋರುವ ನಳ, ಬಚ್ಚಲ, ದೋಣಿ ಇಲ್ಲದ ಪತ್ರಾಸ್. ಅದನ್ನು ನಿಲ್ಲಿಸಿ ಸುತ್ತ ಅಂಚುಗಟ್ಟು ಹಾಕಿದರೆ ಅಲುಗಾಟ ಬಹಳಷ್ಟು ಕಡಿಮೆಯಾಗುತ್ತದೆ. ಅದಾದ ಮೇಲೂ ಅಂಚು ಕೈಬೆರಳಷ್ಟು ಎದ್ದರೆ ಒಡೆದು ಗರಸಿನಿಂದ ಶುರು ಮಾಡದೆ ಬೇರೆ ದಾರಿ ಇಲ್ಲ.

ವಾಸದ ಮನೆಗೆ ಈ ಲೆಕ್ಕ ಸಾಲದು. ಎರಿಯಲ್ಲಿ ಮನೆಗೆ ಗರಸು ಹತ್ತುವವರೆಗಿನ ಪಾಯ ಇಲ್ಲವೇ ಕೆಳಗೆ ಗಡ್ಡೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲ್ ಬೇಕಾಗುತ್ತದೆ. ಅದಕ್ಕೆ ಎಂಜಿನಿಯರ್ ಸಲಹೆ ಪಡೆಯಬೇಕು. ಪಟ್ಟಣದ ಜಾಗದಲ್ಲಿ ಶೆಡ್ ಹಾಕಿಸುವವರು ಪುರಸಭೆಯಲ್ಲಿ, ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಅನುಮತಿ ವಿಚಾರಿಸಿ ಮುಂದುವರಿಯಬೇಕು. ದನದ ಕೊಟ್ಟಿಗೆ ಆಗಿದ್ದರೆ ಸಹಾಯಧನ ಇದೆಯೋ ಎಂದೂ ಪಂಚಾಯಿತಿಯಲ್ಲೇ ಕೇಳಬಹುದು. ಆದರೆ ಕೆಲಸ ಶುರು ಮಾಡುವ ಮುಂಚೆಯೇ ಕೇಳಬೇಕು.

ಗೌಂಡಿ ಜೊತೆ ಮಾತಾಡುವಾಗ ಇವು ನೆನಪಿರಲಿ

1. ಮೂರಡಿ ಗುಂಡಿ ತೋಡಿ ಮಣ್ಣು ನೋಡಿದ್ದು ಆಯ್ತೇ?
2. ಎರಿ ಎರಡಡಿ ತೆಗೆದು, ಗರಸು 6 ಇಂಚಿನ ಪದರದಲ್ಲಿ ದಮ್ಮಸು ಹೊಡೆಯುವುದು ಗುತ್ತಿಗೆಯಲ್ಲಿ ಸೇರಿದೆಯೇ?
3. ಪ್ಲಾಸ್ಟಿಕ್ ಶೀಟ್, ಕವರ್ ಬ್ಲಾಕ್ ಬಂದಿವೆಯೇ?
4. ಬೋಲ್ಟ್ ಅಳತೆ ವೆಲ್ಡಿಂಗ್‌ನವರಿಗೆ ಗೊತ್ತೇ?
5. ಅಳತೆ ಡಬ್ಬಿ ಇದೆಯೇ? ಚೀಲಕ್ಕೆ 30 ಲೀಟರ್ ನೀರು ಮೀರುತ್ತಿಲ್ಲ ತಾನೆ?
6. 14 ದಿನ ನೀರು ಉಣಿಸುವವರು ಯಾರು?
7. ಪತ್ರಾಸಿನ ನೀರು ಎಲ್ಲಿಗೆ ಹೋಗುತ್ತದೆ?

ಶೆಡ್ ತಯಾರಾದ ಮೇಲೆ ಗೊಬ್ಬರ, ಸಿಮೆಂಟ್, ಕಾಳಿನ ಚೀಲ ನೇರ ನೆಲಕ್ಕೆ ಇಡದೆ ಕಟ್ಟಿಗೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಇಡಬೇಕು. ಕಾಳು ಮತ್ತು ಔಷಧ ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ಬೇಡ. ಪತ್ರಾಸ್ ಮೇಲಿನ ಕಲ್ಲು ಕೆಳಗಿಳಿಸಿ, ಎಲ್ಲ ಸ್ಕ್ರೂ ಬಿಗಿ ಇವೆಯೋ ಎಂದು ಪ್ರತಿ ವರ್ಷ ಯುಗಾದಿ ಹೊತ್ತಿಗೆ ಒಮ್ಮೆ ನೋಡಿಕೊಂಡರೆ ಗಾಳಿ ಬಂದ ರಾತ್ರಿ ನಿದ್ದಿ ಕೆಡುವುದಿಲ್ಲ.